ಕಂಬಿ ಎಣಿಸಬೇಡಿ, ಸಂದು ನೋಡಿ: ಮಡಚುವ ಬಟ್ಟೆ ಸ್ಟ್ಯಾಂಡ್ ಕೊಳ್ಳುವವರಿಗೆ, ಕೊಂಡು ಪೇಚಾಡುತ್ತಿರುವವರಿಗೆ

ಮೊದಲ ಸಲ ಬಟ್ಟೆ ಸ್ಟ್ಯಾಂಡ್ ಕೊಂಡಾಗ ನಾನು ನೋಡಿದ್ದು ಒಂದೇ, ಕಂಬಿ ಎಷ್ಟಿದೆ ಅಂತ. ಮೂರು ಅಂತಸ್ತು, ಒಟ್ಟು 26 ಕಂಬಿ, ಕೆಳಗೆ ನಾಲ್ಕು ಚಕ್ರ. ಊರಿಂದ ಬಂದಿದ್ದ ಅಮ್ಮ ಅದನ್ನು ಸುತ್ತು ಹಾಕಿ ನೋಡಿ, "ಎಂತಕ್ಕೆ ಮಗಾ ಇಷ್ಟು ದುಡ್ಡು ಕೊಟ್ಟೆ? ಎರಡು ಬಿದಿರು ಗಳ ಕಟ್ಟಿದ್ರೆ ಆಗ್ತಿತ್ತಪ್ಪ" ಅಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡು ತಿಂಗಳು ಕಳೆದು ಆಷಾಢ ಬಂತು. ಹಾಯಿ ಬಿಚ್ಚಿದ ದೋಣಿಯ ಹಾಗೆ ನಮ್ಮ ಸ್ಟ್ಯಾಂಡು ತಾರಸಿಯ ಉದ್ದಕ್ಕೂ ಉರುಳಿಕೊಂಡು ಹೋಗಿ, ಮಳೆನೀರಿನ ಕಿಂಡಿಯ ಹತ್ತಿರ ಕವುಚಿ ಬಿತ್ತು. ಸಂಜೆ ಕೆಳಮನೆಯ ಆಂಟಿ, "ಏನ್ರೀ, ನಿಮ್ಮ ಸ್ಟ್ಯಾಂಡು ನಮ್ಮ ತುಳಸಿ ಕುಂಡ ನೋಡ್ಕೊಂಡು ಹೋಗೋಕೆ ಬಂದಿತ್ತಾ?" ಎಂದರು. ಕುಂಡ ಎರಡು ಹೋಳಾಗಿತ್ತು. ಒಂದು ಕಾಲಿನ ಕೀಲು ಕೂಡ.

ಕಂಬಿ ಎಣಿಸುವ ಕೆಲಸವನ್ನು ಜೈಲಿನಲ್ಲಿರುವವರಿಗೆ ಬಿಡಿ. ಸ್ಟ್ಯಾಂಡ್ ಕೊಳ್ಳುವವರು ನೋಡಬೇಕಾದದ್ದು ಸಂದು. ಆ ಮಾತಿನ ಎರಡೂ ಅರ್ಥದಲ್ಲಿ: ಕಂಬಿಗೂ ಕಂಬಿಗೂ ನಡುವೆ ಇರುವ ಸಂದು, ಕಾಲು ಮಡಚುವಲ್ಲಿ ಇರುವ ಸಂದು. ಬಟ್ಟೆ ಒಣಗುವುದು ಮೊದಲನೆಯದರಿಂದ. ಸ್ಟ್ಯಾಂಡು ಮುರಿಯುವುದು ಎರಡನೆಯದರಲ್ಲಿ.

ಕೊಳ್ಳುವ ಮೊದಲು ಮನೆಯಲ್ಲಿ ಅಳೆಯಿರಿ

ಒಂದು ದಿನದ ಒಗೆತವನ್ನು ಲೆಕ್ಕಕ್ಕೆ ಹಿಡಿಯಿರಿ. ವಾಷಿಂಗ್ ಮಷೀನಿನ ಮೇಲೆ 7 ಕೆಜಿ ಅಂತ ಬರೆದಿರುವುದು ಒಣಬಟ್ಟೆಯ ತೂಕ. ಮುಂದೆ ಬಾಗಿಲಿರುವ ಮಷೀನು ಜೋರಾಗಿ ತಿರುಗಿಸಿ ಹಿಂಡಿದ ಮೇಲೂ ಹತ್ತಿಬಟ್ಟೆಯಲ್ಲಿ ಅದರ ತೂಕದ ಅರ್ಧದಷ್ಟು ನೀರು ಉಳಿದಿರುತ್ತದೆ. ಮೇಲಿಂದ ಬಟ್ಟೆ ಹಾಕುವ ಮಷೀನಿನಲ್ಲಿ ಇನ್ನೂ ಜಾಸ್ತಿ. ಕೈಯಲ್ಲಿ ಒಗೆದು ಕೈಯಲ್ಲೇ ಹಿಂಡಿದರಂತೂ ಬಟ್ಟೆಯ ತೂಕದಷ್ಟೇ ನೀರು ಎಂದುಕೊಳ್ಳಿ. ಅಂದರೆ ತುಂಬಿದ ಮಷೀನಿನ ಒಂದು ಸರದಿ ಸ್ಟ್ಯಾಂಡಿನ ಮೇಲೆ ಹತ್ತೂವರೆ ಕೆಜಿಯಿಂದ 14 ಕೆಜಿಯವರೆಗೆ ತೂಗುತ್ತದೆ. ಡಬ್ಬದ ಮೇಲೆ 20 ಕೆಜಿ ಹೊರುತ್ತದೆ ಎಂದಿದ್ದರೆ ಸಾಕು ಅನ್ನಿಸಬಹುದು. ಆದರೆ ಆ 20 ಕೆಜಿ ಎಲ್ಲ ಕಂಬಿಗಳಿಗೂ ಸಮನಾಗಿ ಹಂಚಿದಾಗಿನ ಮಾತು. ನೆನೆದ ಒಂದು ಕಂಬಳಿಯನ್ನು ಒಂದೇ ಕಂಬಿಗೆ ಹಾಕಿದರೆ ಅದು ನಡುಬಗ್ಗಿದ ಮುದುಕನಂತಾಗಿ, ಆಮೇಲೆ ನೆಟ್ಟಗಾಗುವುದೇ ಇಲ್ಲ.

ಇನ್ನು ಉದ್ದ. ಜಾಹೀರಾತಿನ "20 ಮೀಟರ್ ಒಣಹಾಕುವ ಜಾಗ" ಎಂಬುದು ಕಂಬಿಗಳ ಉದ್ದವನ್ನೆಲ್ಲ ಕೂಡಿದ ಲೆಕ್ಕ. ನನ್ನ 26 ಕಂಬಿಯ ಸ್ಟ್ಯಾಂಡನ್ನೇ ತೆಗೆದುಕೊಳ್ಳಿ. ಒಂದೊಂದು ಕಂಬಿ 75 ಸೆಂಟಿಮೀಟರ್, ಕೂಡಿದರೆ ಹತ್ತೊಂಬತ್ತೂವರೆ ಮೀಟರ್. ಆದರೆ ಕಂಬಿಗಳ ನಡುವೆ ಇದ್ದದ್ದು ಎರಡೂವರೆ ಬೆರಳಿನ ಜಾಗ. ಪಕ್ಕಪಕ್ಕದ ಕಂಬಿಗೆ ಟವೆಲ್ ಹಾಕಿದರೆ ಒಂದಕ್ಕೊಂದು ಅಂಟಿಕೊಂಡು, ಒಳಮುಖಗಳೆರಡೂ ಮರುದಿನ ಬೆಳಿಗ್ಗೆಯವರೆಗೂ ತಣ್ಣಗೇ ಇರುತ್ತಿದ್ದವು. ಹಾಗಾಗಿ ಒಂದು ಬಿಟ್ಟು ಒಂದು ಕಂಬಿಗೆ ಹಾಕತೊಡಗಿದೆ. ದುಡ್ಡು ಕೊಟ್ಟದ್ದು 20 ಮೀಟರಿಗೆ, ಕೆಲಸಕ್ಕೆ ಬಂದದ್ದು ಹತ್ತು ಮೀಟರಿಗಿಂತ ಕಡಿಮೆ.

ನಾಲ್ಕು ಜನರ ಮನೆಯ ಒಂದು ಸರದಿಗೆ, ಬೆಡ್‌ಶೀಟ್ ಬಿಟ್ಟು, ನಾನು ಹೀಗೆ ಲೆಕ್ಕ ಹಾಕುತ್ತೇನೆ. ನಾಲ್ಕು ಟವೆಲಿಗೆ ನಾಲ್ಕು ಕಂಬಿ. ಮೂರು ನಾಲ್ಕು ಪ್ಯಾಂಟಿಗೆ ನಾಲ್ಕು ಕಂಬಿ. ಆರು ಶರ್ಟು, ಕುರ್ತಾಗಳನ್ನು ಹ್ಯಾಂಗರಿಗೆ ಹಾಕಿ ನೇತುಹಾಕಲು ಒಂದೇ ಕಂಬಿ. ಬನಿಯನ್ನು, ಸಾಕ್ಸು, ಕರ್ಚೀಫು, ಒಳಉಡುಪುಗಳಿಗೆ ಮೂರು. ಒಟ್ಟು 12 ಕಂಬಿ, ಅಂದರೆ 9 ಮೀಟರ್. ನಾಲ್ಕು ಬೆರಳು ಸಂದು ಇರುವ 12 ಕಂಬಿಯ ಸ್ಟ್ಯಾಂಡು ಎರಡೂವರೆ ಬೆರಳು ಸಂದಿನ 26 ಕಂಬಿಯದಕ್ಕೆ ಸಮ. ಅಂಗಡಿಗೆ ಟೇಪು ಒಯ್ಯಬೇಕಾಗಿಲ್ಲ, ನಾಲ್ಕು ಬೆರಳು ಜೋಡಿಸಿ ಕಂಬಿಗಳ ನಡುವೆ ತೂರಿಸಿ ನೋಡಿ. ಸಲೀಸಾಗಿ ಹೋಗಬೇಕು.

ಬಾಲ್ಕನಿಯನ್ನು ಅಳೆಯುವಾಗ ಬಾಗಿಲನ್ನೂ ಅಳೆಯಿರಿ. ಜಾರುವ ಬಾಗಿಲುಗಳಲ್ಲಿ ಒಂದು ಹಲಗೆ ಸರಿಸಿದ ಮೇಲೆ ಸಿಗುವ ದಾರಿ ಎಷ್ಟೋ ಮನೆಗಳಲ್ಲಿ ಎರಡೂವರೆ ಅಡಿಗಿಂತ ಕಡಿಮೆ. ಮಳೆ ಬಂದಾಗ ಬಟ್ಟೆ ಸಮೇತ ಸ್ಟ್ಯಾಂಡನ್ನು ಒಳಗೆ ಎಳೆದುಕೊಳ್ಳುವ ಆಸೆ ಇದ್ದರೆ ಈ ಒಂದು ಅಳತೆಯೇ ಎಲ್ಲವನ್ನೂ ತೀರ್ಮಾನಿಸುತ್ತದೆ.

ಯಾವ ಮಾದರಿ

ಮಡಚುವ ಸ್ಟ್ಯಾಂಡುಗಳಲ್ಲಿ ಸಾಮಾನ್ಯವಾಗಿ ಸಿಗುವವು ಮೂರು. ರೆಕ್ಕೆಯದು: ನಡುವೆ ಕತ್ತರಿಯಂತೆ ಕಾಲು, ಎರಡು ಪಕ್ಕಕ್ಕೆ ರೆಕ್ಕೆ. ಅಂತಸ್ತಿನದು: ಎತ್ತರಕ್ಕೆ ಎದ್ದುನಿಂತು ಮೂರು ನಾಲ್ಕು ಹಂತ, ಕೆಳಗೆ ಚಕ್ರ. ಏಣಿಯದು: ಚಿತ್ರ ಬರೆಯುವವರ ಹಲಗೆಯ ಹಾಗೆ ಎರಡು ಚೌಕಟ್ಟು ಮೇಲ್ತುದಿಯಲ್ಲಿ ಕೂಡಿರುತ್ತವೆ.

ತೆರೆದ ತಾರಸಿಗೆ ರೆಕ್ಕೆಯದೇ ವಾಸಿ. ತಗ್ಗಾಗಿರುತ್ತದೆ, ಅಗಲವಾಗಿ ಕೂರುತ್ತದೆ, ಬಿಸಿಲು ಎಲ್ಲ ಕಂಬಿಗೂ ಬೀಳುತ್ತದೆ. ಅಂತಸ್ತಿನದರಲ್ಲಿ ಮೇಲಿನದು ಒಣಗುತ್ತದೆ, ಕೆಳಗಿನದು ಮೇಲಿನದರ ನೆರಳಲ್ಲಿ ಕಾಯುತ್ತದೆ. ಅದೇನಿದ್ದರೂ ಇಕ್ಕಟ್ಟಾದ, ಮೂರು ಕಡೆ ಗೋಡೆ ಇರುವ ಬಾಲ್ಕನಿಗೆ. ಏಣಿಯದು ಟವೆಲಿಗೂ ಪಂಚೆಗೂ ಚೆನ್ನ, ಸಣ್ಣ ಬಟ್ಟೆಗೆ ಪ್ರಯೋಜನ ಕಡಿಮೆ. ನನ್ನ ಆಯ್ಕೆ ಕೇಳಿದರೆ, ಜಾಗ ಇರುವವರು ಕಣ್ಣುಮುಚ್ಚಿ ರೆಕ್ಕೆಯದನ್ನು ತನ್ನಿ.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ

ಮೊದಲು ಲೋಹ. "ಸ್ಟೀಲು ಸಾರ್, ತುಕ್ಕೇ ಹಿಡಿಯಲ್ಲ" ಅಂತ ಅಂಗಡಿಯವರು ಹೇಳುವ ಸ್ಟೀಲಿನಲ್ಲಿ ಜಾತಿಗಳಿವೆ. 304 ಎಂಬ ದರ್ಜೆಯಲ್ಲಿ ಕ್ರೋಮಿಯಂ ಸುಮಾರು ಶೇಕಡ 18, ನಿಕ್ಕಲ್ 8. ಅಗ್ಗದ 202ರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ಬೆಂಗಳೂರು, ಹುಬ್ಬಳ್ಳಿ, ಕಲಬುರಗಿಯಲ್ಲಿ 202 ಸಾಕು. ಮಂಗಳೂರು, ಉಡುಪಿ, ಕಾರವಾರದಂಥ ಕಡಲತೀರದಲ್ಲಿ ಉಪ್ಪುಗಾಳಿಗೆ ಅದು ಬೇಗ ಚುಕ್ಕೆ ಚುಕ್ಕೆಯಾಗಿ ಕಂದುತ್ತದೆ. ಅಲ್ಲಿಯವರು ಹೆಚ್ಚು ಕೊಟ್ಟಾದರೂ 304 ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಅಯಸ್ಕಾಂತ ಹಿಡಿದು ನೋಡುವ ಪರೀಕ್ಷೆ ಅರ್ಧ ಮಾತ್ರ ನಿಜ. ಗಟ್ಟಿಯಾಗಿ ಅಂಟಿಕೊಂಡರೆ ಅದು ಬಣ್ಣ ಬಳಿದ ಕಬ್ಬಿಣ ಇಲ್ಲವೇ ಕೀಳು ದರ್ಜೆಯ ಸ್ಟೀಲು ಎನ್ನಬಹುದು. ಅಂಟದಿದ್ದರೆ 304 ಎಂದು ಅರ್ಥವಲ್ಲ, 202ಕ್ಕೂ ಅಯಸ್ಕಾಂತ ಅಂಟುವುದಿಲ್ಲ.

ಬಣ್ಣದ ಲೇಪನವಿರುವ ಕಬ್ಬಿಣದ ಪೈಪು ಹೊರಗಿನಿಂದ ತುಕ್ಕು ಹಿಡಿಯುವುದು ಆಮೇಲೆ. ಮೊದಲು ಒಳಗಿನಿಂದ ಹಿಡಿಯುತ್ತದೆ. ಪೈಪಿನ ಬಾಯಿಗೆ ಹಾಕಿದ ಬುಷ್ಷು ಸಡಿಲವಿದ್ದರೆ ನೀರು ಒಳಗಿಳಿದು ಅಲ್ಲೇ ನಿಲ್ಲುತ್ತದೆ. ಬುಷ್ಷನ್ನು ಕೈಯಲ್ಲಿ ತಿರುಗಿಸಿ ನೋಡಿ, ಸುಲಭವಾಗಿ ಕಿತ್ತುಬಂದರೆ ಆ ಸ್ಟ್ಯಾಂಡು ಬೇಡ. ಅಲ್ಯೂಮಿನಿಯಂಗೆ ಕೆಂಪು ತುಕ್ಕಿನ ಭಯವಿಲ್ಲ, ಆದರೆ ಹಗುರ. ಹೊರುವಾಗ ಹಿತ, ಗಾಳಿ ಬಂದಾಗ ಅಹಿತ.

ಆಮೇಲೆ ಸಂದು. ಸ್ಟ್ಯಾಂಡನ್ನು ಪೂರಾ ಬಿಚ್ಚಿ ನಿಲ್ಲಿಸಲು ಹೇಳಿ. ಒಂದು ಮೂಲೆಯನ್ನು ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಎದುರು ಮೂಲೆ ತಾಳ ಹಾಕಿದ ಹಾಗೆ ಕುಣಿದರೆ ಕೀಲು ಸಡಿಲ. ಕಾಲು ತೆರೆದ ಮೇಲೆ ಬೀಳುವ ಕೊಂಡಿ ತಾನಾಗಿ ಜಾರದೆ ಬಿಗಿಯಾಗಿ ಕೂತಿದೆಯೇ ನೋಡಿ, ಸ್ಟ್ಯಾಂಡನ್ನು ಒಂದು ಕಡೆಯಿಂದ ಎತ್ತಿದರೂ ಬಿಡಬಾರದು. ಕೀಲುಗಳು ಲೋಹದವೋ ಪ್ಲಾಸ್ಟಿಕ್ಕಿನವೋ ಎಂಬುದು ಕಂಬಿಯ ದಪ್ಪಕ್ಕಿಂತ ಮುಖ್ಯ. ವರ್ಷಗಟ್ಟಲೆ ಬಿಸಿಲು ಕುಡಿದ ಪ್ಲಾಸ್ಟಿಕ್ಕು ಬಣ್ಣಗೆಟ್ಟು, ಸುಣ್ಣದಂತೆ ಪುಡಿ ಬಿಟ್ಟು, ಒಂದು ದಿನ ಲಟಕ್ಕೆನ್ನುತ್ತದೆ. ಕೀಲು ಎಲ್ಲೆಲ್ಲಿ ಪ್ಲಾಸ್ಟಿಕ್ಕಿನದೋ ಆ ಸ್ಟ್ಯಾಂಡನ್ನು ಬಟ್ಟೆ ತೆಗೆದ ಕೂಡಲೇ ಮಡಚಿ ನೆರಳಲ್ಲಿಡುವ ಅಭ್ಯಾಸ ಇರಬೇಕು. ಇಲ್ಲದಿದ್ದರೆ ಲೋಹದ್ದೇ ಕೊಳ್ಳಿ.

ಜೋಡಿಸುವುದು

ರೆಕ್ಕೆಯದಕ್ಕೆ ಜೋಡಣೆಯ ತಾಪತ್ರಯವಿಲ್ಲ. ಅಂತಸ್ತಿನದು ಡಬ್ಬದಲ್ಲಿ ತುಂಡುತುಂಡಾಗಿ ಬರುತ್ತದೆ.

1. ಎಲ್ಲವನ್ನೂ ಚಾಪೆಯ ಮೇಲೆ ಹರಡಿ, ಸ್ಕ್ರೂಗಳನ್ನು ಉದ್ದದ ಪ್ರಕಾರ ಬೇರೆ ಮಾಡಿ. ಉದ್ದದ ಸ್ಕ್ರೂವನ್ನು ಗಿಡ್ಡದ ಜಾಗಕ್ಕೆ ಹಾಕಿದರೆ ಅದು ಪೈಪಿನ ಒಳಗೋಡೆಯನ್ನು ಒತ್ತಿ, ಮಡಚುವಾಗ ಉಜ್ಜುತ್ತದೆ.
2. ಕಾಲಿನ ಚೌಕಟ್ಟನ್ನು ಮೊದಲು ಕೂಡಿಸಿ. ಒಂದು ಸ್ಕ್ರೂವನ್ನೂ ಪೂರ್ತಿ ಬಿಗಿಯಬೇಡಿ, ಮೂರು ಸುತ್ತು ಹಿಡಿದರೆ ಸಾಕು.
3. ಅಂತಸ್ತುಗಳನ್ನು ಕೆಳಗಿನಿಂದ ಮೇಲಕ್ಕೆ ಸೇರಿಸಿ.
4. ಮಟ್ಟವಾದ ನೆಲದ ಮೇಲೆ ನಿಲ್ಲಿಸಿ, ನಾಲ್ಕೂ ಕಾಲು ನೆಲಕ್ಕೆ ತಾಗಿವೆಯೇ ನೋಡಿ. ತಾಗಿದ ಮೇಲೆ ಒಂದು ಮೂಲೆ, ಅದರ ಎದುರು ಮೂಲೆ, ಹೀಗೆ ಅಡ್ಡಡ್ಡವಾಗಿ ಬಿಗಿಯಿರಿ. ಒಂದೇ ಕಡೆಯಿಂದ ಬಿಗಿಯುತ್ತಾ ಬಂದರೆ ಸ್ಟ್ಯಾಂಡು ಜೀವಮಾನವಿಡೀ ಕುಂಟುತ್ತದೆ.
5. ಒಂದು ವಾರ ಬಟ್ಟೆ ಹಾಕಿದ ಮೇಲೆ ಎಲ್ಲ ಸ್ಕ್ರೂಗಳನ್ನೂ ಇನ್ನೊಮ್ಮೆ ಬಿಗಿಯಿರಿ. ಭಾರ ಬಿದ್ದ ಮೇಲೆ ಅವು ತಮ್ಮ ಜಾಗಕ್ಕೆ ಕೂರುವುದು.

ಚಕ್ರದ ವಿಷಯ. ತಾರಸಿಗೆ ಮಳೆನೀರು ಹರಿಯಲೆಂದು ವಾಟ ಕೊಟ್ಟಿರುತ್ತಾರೆ, ಕಣ್ಣಿಗೆ ಕಾಣದಿದ್ದರೂ ಚಕ್ರಕ್ಕೆ ಗೊತ್ತಾಗುತ್ತದೆ. ತಾರಸಿಯಲ್ಲಿ ಬಳಸುವವರು ಒಂದೇ ಬದಿಯ ಎರಡು ಚಕ್ರ ಬಿಚ್ಚಿ ಅದೇ ಎತ್ತರದ ರಬ್ಬರ್ ಬುಷ್ ಹಾಕಿ. ಆ ಬದಿ ಎತ್ತಿದರೆ ಉರುಳುತ್ತದೆ, ಇಳಿಸಿದರೆ ನಿಲ್ಲುತ್ತದೆ.

ಎಲ್ಲಿ ಇಡುವುದು

ಬಟ್ಟೆಯಿಂದ ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು. ಕರೆಂಟಿನ ಲೆಕ್ಕದಲ್ಲಿ ಒಂದು ಯೂನಿಟ್ಟಿನ ಮೂರನೇ ಎರಡು ಪಾಲು. ನಿಮ್ಮ ಮಷೀನಿನ ಒಂದು ಸರದಿಯಲ್ಲಿ ಮೂರೂವರೆ ಲೀಟರ್ ನೀರಿದ್ದರೆ ಬಿಸಿಲೂ ಗಾಳಿಯೂ ಸೇರಿ ಎರಡು ಯೂನಿಟ್ಟಿಗೂ ಮಿಕ್ಕಿದ ಕೆಲಸವನ್ನು ಬಿಟ್ಟಿಯಾಗಿ ಮಾಡಿಕೊಡುತ್ತವೆ. ಅವು ಯಾವ ಕಡೆಯಿಂದ ಬರುತ್ತವೆ ಎಂದು ತಿಳಿದುಕೊಳ್ಳುವುದಷ್ಟೇ ನಮ್ಮ ಕೆಲಸ.

ಬೆಂಗಳೂರು ಇರುವುದು ಉತ್ತರ ಅಕ್ಷಾಂಶ 13 ಡಿಗ್ರಿಯ ಆಸುಪಾಸು. ಡಿಸೆಂಬರ್ ಕೊನೆಯಲ್ಲಿ ನಡುಹಗಲ ಸೂರ್ಯ ದಕ್ಷಿಣಕ್ಕೆ ವಾಲಿ, ದಿಗಂತದಿಂದ 54 ಡಿಗ್ರಿಯಷ್ಟೇ ಮೇಲಿರುತ್ತಾನೆ. ಆಗ ದಕ್ಷಿಣದ ಬಾಲ್ಕನಿಗೆ ಹಗಲಿಡೀ ಬಿಸಿಲು, ಉತ್ತರದ್ದಕ್ಕೆ ಒಂದು ಗೆರೆಯೂ ಇಲ್ಲ. ಏಪ್ರಿಲ್ ಕೊನೆಯ ವಾರದಲ್ಲಿ ನೆರಳೇ ಬೀಳದ ದಿನ ಬರುತ್ತದೆ, ಸೂರ್ಯ ನೆತ್ತಿಯ ಮೇಲೆ. ಆಮೇಲೆ ಆಗಸ್ಟ್ ನಡುವಿನವರೆಗೂ ಮಧ್ಯಾಹ್ನದ ಸೂರ್ಯ ತುಸು ಉತ್ತರಕ್ಕೇ ಇರುತ್ತಾನೆ. ಹೀಗಾಗಿ ಮೇ ತಿಂಗಳ ಸುಡುಬಿಸಿಲಿನಲ್ಲೂ ದಕ್ಷಿಣದ ಬಾಲ್ಕನಿಯಲ್ಲಿ ಮೇಲಿನ ಮನೆಯ ಸ್ಲ್ಯಾಬಿನ ನೆರಳು. "ಬೇಸಿಗೆಯಲ್ಲೂ ಬಟ್ಟೆ ಒಣಗಲ್ಲ ನೋಡಿ" ಅಂತ ನನ್ನ ಗೆಳತಿ ಗೊಣಗುತ್ತಿದ್ದದ್ದು ಇದಕ್ಕೇ. ಅವಳ ಮನೆಗೆ ಚಳಿಗಾಲವೇ ಬಿಸಿಲುಗಾಲ. ನಿಮಗೆ ಎರಡು ಬಾಲ್ಕನಿ ಇದ್ದರೆ ಸ್ಟ್ಯಾಂಡು ವರ್ಷಕ್ಕೆ ಎರಡು ಸಲ ಮನೆ ಬದಲಿಸಲಿ, ಮಡಚುವ ಸ್ಟ್ಯಾಂಡಿನ ನಿಜವಾದ ಲಾಭ ಅದೇ.

ಬಿಸಿಲಿಲ್ಲದಿದ್ದರೂ ಒಣಗುತ್ತದೆ, ಗಾಳಿಯಿಲ್ಲದಿದ್ದರೆ ಒಣಗುವುದಿಲ್ಲ. ಬಟ್ಟೆಯ ಸುತ್ತ ನಿಂತ ತೇವದ ಗಾಳಿಯನ್ನು ಯಾರಾದರೂ ತಳ್ಳಬೇಕು. ಮುಂಗಾರಿನಲ್ಲಿ ನಮ್ಮಲ್ಲಿ ಗಾಳಿ ಪಡುವಣದಿಂದ, ಹಿಂಗಾರಿನ ಹೊತ್ತಿಗೆ ಈಶಾನ್ಯ, ಮೂಡಣದಿಂದ. ಕಂಬಿಗಳು ಗಾಳಿಯ ದಿಕ್ಕಿಗೇ ಉದ್ದುದ್ದ ಇರುವಂತೆ ಸ್ಟ್ಯಾಂಡನ್ನು ತಿರುಗಿಸಿ. ಆಗ ಗಾಳಿ ಬಟ್ಟೆಗಳ ನಡುವಿನ ಓಣಿಗಳಲ್ಲಿ ಓಡುತ್ತದೆ. ಅಡ್ಡ ಇಟ್ಟರೆ ಮೊದಲ ಬಟ್ಟೆಯೇ ಗೋಡೆಯಾಗಿ ಹಿಂದಿನವು ಒಣಗುವುದಿಲ್ಲ, ಜೊತೆಗೆ ಸ್ಟ್ಯಾಂಡು ಮಗುಚುವುದೂ ಹೀಗೇ. ಗೋಡೆಗೆ ಅಂಟಿಸಿಡಬೇಡಿ, ಒಂದು ಗೇಣಾದರೂ ಬಿಡಿ.

ಇಡಬಾರದ ಜಾಗಗಳೂ ಇವೆ. ಕಂಬದಿಂದ ಮನೆಗೆ ಬರುವ ಕರೆಂಟಿನ ಸರ್ವಿಸ್ ತಂತಿ ಕೈಗೆ ಎಟುಕುವಷ್ಟು ಹತ್ತಿರ ಹಾದುಹೋಗಿರುವ ತಾರಸಿಯ ಅಂಚು, ಮೀಟರ್ ಬೋರ್ಡಿನ ಪಕ್ಕ, ಸಿಪ್ಪೆ ಕಿತ್ತ ವೈರಿನ ಹತ್ತಿರ ಲೋಹದ ಸ್ಟ್ಯಾಂಡ್ ಖಂಡಿತ ಬೇಡ. ಒದ್ದೆ ಕೈ, ಒದ್ದೆ ಬಟ್ಟೆ, ಬರಿಗಾಲು, ಮೂರೂ ಒಟ್ಟಿಗಿರುವ ಕೆಲಸ ಇದು. ಬಾಲ್ಕನಿಯ ಸರಳಿನ ಆಚೆಗೆ ರೆಕ್ಕೆ ಚಾಚುವುದೂ ಬೇಡ. ಕೆಳಗೆ ಓಡಾಡುವವರ ತಲೆ ಇದೆ, ಕೆಳಮನೆಯವರ ಹಪ್ಪಳ ಸಂಡಿಗೆ ಇವೆ.

ಹರವುವ ಕ್ರಮ

ಇದು ಎಲ್ಲರಿಗೂ ಗೊತ್ತಿರುವ ಕೆಲಸ ಎಂದುಕೊಂಡೇ ಎಲ್ಲರೂ ತಪ್ಪು ಮಾಡುವುದು. ನಾನೂ ಮಾಡಿದ್ದೇನೆ.

ಮಷೀನು ನಿಂತ ಕೂಡಲೇ ತೆಗೆಯಿರಿ. ಪ್ರತಿ ಬಟ್ಟೆಯನ್ನೂ ಎರಡು ತುದಿ ಹಿಡಿದು ಛಟ್ ಎನ್ನುವಂತೆ ಕೊಡವಿ. ಸುಕ್ಕು ಅರ್ಧ ಇಲ್ಲೇ ಹೋಗುತ್ತದೆ, ಇಸ್ತ್ರಿಯವರಿಗೆ ಕೊಡುವ ಕಂತೆ ಚಿಕ್ಕದಾಗುತ್ತದೆ. ಕಂಬಿಗಳನ್ನು ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ. ರಾತ್ರಿ ಕುಳಿತ ಧೂಳು, ಪಾರಿವಾಳದ ಗುರುತು ಬಿಳಿ ಅಂಗಿಗೆ ಅಡ್ಡಗೆರೆ ಎಳೆಯುವುದು ಹೀಗೆ ಒರೆಸದೆ ಬಿಟ್ಟಾಗ.

ರೆಕ್ಕೆಯ ಸ್ಟ್ಯಾಂಡಿನಲ್ಲಿ ಮೊದಲು ನಡುವಿನ ಕಂಬಿಗಳನ್ನು ತುಂಬಿ, ಭಾರದ್ದು ಅಲ್ಲಿಗೆ. ಆಮೇಲೆ ಎಡರೆಕ್ಕೆಗೆ ಒಂದು, ಬಲರೆಕ್ಕೆಗೆ ಒಂದು. ತೆಗೆಯುವಾಗ ತಿರುವುಮುರುವು: ರೆಕ್ಕೆ ಮೊದಲು, ನಡು ಕೊನೆಗೆ. ಒಂದು ರೆಕ್ಕೆಯದನ್ನೆಲ್ಲ ಬಳಿದು ತೆಗೆದಾಗ ಇನ್ನೊಂದು ಕಡೆಗೆ ಸ್ಟ್ಯಾಂಡು ಬಗ್ಗಿ ನಮಸ್ಕಾರ ಮಾಡುವುದನ್ನು ನೀವೂ ನೋಡಿರಬಹುದು. ಅಂತಸ್ತಿನದರಲ್ಲಿ ಭಾರದ್ದು, ನೀರು ತೊಟ್ಟಿಕ್ಕುವುದು ಕೆಳಗೆ, ಹಗುರದ್ದು ಮೇಲೆ. ಮೇಲೆ ನೇತುಹಾಕಿದ ಜೀನ್ಸು ಸ್ಟ್ಯಾಂಡನ್ನು ತಲೆಭಾರ ಮಾಡುತ್ತದೆ, ಕೆಳಗಿನ ಅರೆ ಒಣಗಿದ ಬಟ್ಟೆಗೆ ಮತ್ತೆ ನೀರು ಹನಿಸುತ್ತದೆ.

ಪ್ಯಾಂಟನ್ನು ಒಳಮಗ್ಗುಲು ಹೊರಗೆ ಮಾಡಿ. ಬಣ್ಣವೂ ಉಳಿಯುತ್ತದೆ, ಜೇಬೂ ಒಣಗುತ್ತದೆ. ಜೇಬು ಒಣಗದ ಜೀನ್ಸನ್ನು ಮಡಚಿಟ್ಟರೆ ಎರಡನೇ ದಿನಕ್ಕೆ ಬೀರುವೆಲ್ಲ ಮುಗ್ಗಲು ವಾಸನೆ. ಸೊಂಟದ ಪಟ್ಟಿಯ ಮುಂಭಾಗವನ್ನು ಒಂದು ಕಂಬಿಗೂ ಹಿಂಭಾಗವನ್ನು ಮುಂದಿನ ಕಂಬಿಗೂ ಕ್ಲಿಪ್ ಹಾಕಿದರೆ ಪ್ಯಾಂಟು ಕೊಳವೆಯಂತೆ ಬಾಯಿ ತೆರೆದು ನಿಂತು ಒಳಗೆ ಗಾಳಿ ಆಡುತ್ತದೆ. ಸ್ಟ್ಯಾಂಡು ತಗ್ಗಾಗಿದ್ದು ಕಾಲು ನೆಲಕ್ಕೆ ತಾಗುವುದಾದರೆ ಮೊಣಕಾಲ ಹತ್ತಿರ ಎರಡು ಕಂಬಿ ಬಿಟ್ಟು ಮೂರನೆಯದರ ಮೇಲೆ ಹಾಯಿಸಿ.

ಶರ್ಟಿಗೆ ಹ್ಯಾಂಗರ್. ಕಂಬಿಯ ಮೇಲೆ ಹಾಸಿದ ಶರ್ಟು ಮುಕ್ಕಾಲು ಕಂಬಿ ನುಂಗುತ್ತದೆ. ಹ್ಯಾಂಗರಿನಲ್ಲಿ ನಾಲ್ಕು ಬೆರಳು ಸಾಕು. ಕೊರಳ ಗುಂಡಿ ಹಾಕಿ, ಹ್ಯಾಂಗರಿನ ಕೊಕ್ಕೆಯನ್ನು ಕಂಬಿಗೆ ಒಂದು ಕ್ಲಿಪ್ಪಿನಿಂದ ಹಿಡಿಸಿ. ತಂತಿಯ ಹ್ಯಾಂಗರ್ ಬೇಡ: ಭುಜಕ್ಕೆ ತುಕ್ಕಿನ ಕಲೆ ಬರುತ್ತದೆ, ಮತ್ತೆ ಕಾಗೆಗಳು ಗೂಡು ಕಟ್ಟಲು ಅದನ್ನೇ ಹುಡುಕಿಕೊಂಡು ಬರುತ್ತವೆ. ಸ್ವೆಟರ್, ಹೆಣೆದ ಟೀ ಶರ್ಟುಗಳನ್ನು ನೇತುಹಾಕಿದರೆ ನೀರಿನ ಭಾರಕ್ಕೆ ಜಗ್ಗುತ್ತವೆ. ಮೇಲಿನ ಕಂಬಿಗಳ ಮೇಲೆ ಒಣ ಟವೆಲ್ ಹಾಸಿ ಅದರ ಮೇಲೆ ಮಲಗಿಸಿ.

ಸೀರೆ, ಪಂಚೆ ಉಟ್ಟು ಒಗೆಯುವ ಮನೆಗಳಿಗೆ ಒಂದು ಲೆಕ್ಕ. ಸೀರೆಯ ಉದ್ದ ಸುಮಾರು ಐದೂವರೆ ಮೀಟರ್. ಅಗಲವನ್ನು ಎರಡಾಗಿ ಮಡಚಿ, ಒಂದು ಕಂಬಿಯ ಮೇಲೆ ಹಾಯಿಸಿ, ಕೆಳಗೆ ಜೋಲು ಬಿಟ್ಟು, ನಡುವೆ ಒಂದು ಕಂಬಿ ಖಾಲಿ ಬಿಟ್ಟು ಮುಂದಿನದರ ಮೇಲೆ ಹಾಯಿಸಿ. ಹಾವಿನ ಹಾಗೆ ಮೂರು ಕಂಬಿಯಲ್ಲಿ ಮುಗಿಯುತ್ತದೆ. ಎಂಟು ಮೊಳದ ಪಂಚೆಗೆ ಎರಡು ಕಂಬಿ. ಇಳಕಲ್ ಸೀರೆಯ ಕೆಂಪು ಮೊದಮೊದಲ ಒಗೆತಗಳಲ್ಲಿ ಬಿಡಬಹುದು, ಅದರ ಪಕ್ಕ ಬಿಳಿ ಹಾಕಬೇಡಿ. ಮೈಸೂರು ರೇಷ್ಮೆಗಂತೂ ಈ ಸ್ಟ್ಯಾಂಡೂ ಬೇಡ, ಬಿಸಿಲೂ ಬೇಡ. ಮನೆಯೊಳಗೆ ದಪ್ಪ ಮರದ ಕೋಲೋ ಬಟ್ಟೆ ಸುತ್ತಿದ ಹಗ್ಗವೋ ಸಾಕು. ನಮ್ಮಜ್ಜಿ ಮಡಿಸೀರೆಯನ್ನು ಮಡಿಕೋಲಿನಿಂದ ಎತ್ತಿ, ಸೂರಿಗೆ ಕಟ್ಟಿದ ಗಳದ ಮೇಲೆ ಒಂದು ನೆರಿಗೆಯೂ ಬೀಳದಂತೆ ಹರವುತ್ತಿದ್ದಳು. ಕೈಯಲ್ಲಿ ಮುಟ್ಟದೆ. ಎರಡು ಕೈ ಇದ್ದೂ ನನಗೆ ಅಷ್ಟು ಚೆಂದ ಬರುವುದಿಲ್ಲ.

ಬೆಡ್‌ಶೀಟನ್ನು ಸ್ಟ್ಯಾಂಡಿನ ಮೇಲೆ ಚಪ್ಪರದಂತೆ ಹೊದಿಸಬೇಡಿ, ಅದರ ಕೆಳಗೆ ಏನೂ ಒಣಗದು. ಬೆಡ್‌ಶೀಟಿಗೆ ತಾರಸಿಯ ಹಗ್ಗವೇ ಸರಿ. ಹಗ್ಗ ಕಟ್ಟುವ ಜಾಗವಿಲ್ಲದವರು ಬೆಡ್‌ಶೀಟಿಗೆಂದು ಬೇರೆಯೇ ದಿನ ಇಟ್ಟುಕೊಳ್ಳಿ.

ಕ್ಲಿಪ್ಪಿನಲ್ಲಿ ನೋಡಬೇಕಾದ್ದು ಅದರ ಸ್ಪ್ರಿಂಗು. ತುಕ್ಕು ಹಿಡಿದ ಸ್ಪ್ರಿಂಗಿನ ಕಲೆ ಬಿಳಿ ಹತ್ತಿಬಟ್ಟೆಗೆ ಆಗಿದ್ದರೆ ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗಿಟ್ಟು ಆಮೇಲೆ ತೊಳೆಯಿರಿ. ಬ್ಲೀಚ್ ಹಾಕಿದರೆ ಕಲೆ ಹೋಗುವ ಬದಲು ಅಲ್ಲೇ ಮನೆ ಮಾಡುತ್ತದೆ.

ಆಷಾಢದ ಗಾಳಿಗೆ

ಖಾಲಿ ಸ್ಟ್ಯಾಂಡು ಹಾರುವುದು ಕಡಿಮೆ, ಗಾಳಿ ಹಾಯುತ್ತದೆ. ಅರೆ ಒಣಗಿದ ಬಟ್ಟೆ ಹೊತ್ತ ಸ್ಟ್ಯಾಂಡೇ ಅಪಾಯ. ಹರವಿದಾಗ 12 ಕೆಜಿ ಇದ್ದದ್ದು ಮಧ್ಯಾಹ್ನಕ್ಕೆ ಒಂಬತ್ತಾಗಿರುತ್ತದೆ, ಆದರೆ ಗಾಳಿ ಹಿಡಿಯುವ ಬಟ್ಟೆಯ ಹರವು ಅಷ್ಟೇ. ಬೆಳಿಗ್ಗೆ ಗಟ್ಟಿಯಾಗಿ ನಿಂತದ್ದು ಮೂರು ಗಂಟೆಗೆ ಮಗುಚುವುದು ಇದಕ್ಕೆ.

ಐದು ಲೀಟರಿನ ಹಳೆಯ ಎಣ್ಣೆ ಕ್ಯಾನಿಗೆ ನೀರು ತುಂಬಿ ಕೆಳಗಿನ ಅಡ್ಡಪಟ್ಟಿಗೆ ಕಟ್ಟಿದರೆ ಐದು ಕೆಜಿ ಭಾರ. ಎರಡು ಬದಿಗೆ ಎರಡು ಕ್ಯಾನು ಕಟ್ಟಿ. ಇಟ್ಟಿಗೆಯೂ ಆಗುತ್ತದೆ, ಆದರೆ ಬಟ್ಟೆಗೆ ಕೆಂಪು ಹತ್ತದಂತೆ ಚೀಲದಲ್ಲಿಡಿ. ಭಾರ ಯಾವಾಗಲೂ ಕೆಳಗೇ. ಇದರ ಜೊತೆಗೆ ಗಾಳಿ ಬರುವ ಕಡೆಯ ಪ್ಯಾರಪೆಟ್ಟಿನ ಕೊಕ್ಕೆಗೋ ಸರಳಿಗೋ ಒಂದು ನೈಲಾನ್ ಹಗ್ಗ ಕಟ್ಟಿ, ಸ್ಟ್ಯಾಂಡಿನ ಎತ್ತರದ ಅರ್ಧಕ್ಕಿಂತ ಮೇಲಕ್ಕೆ. ಸೋಲಾರ್ ಹೀಟರಿನ ಪೈಪಿಗೆ ಕಟ್ಟುವವರನ್ನು ಕಂಡಿದ್ದೇನೆ. ಸ್ಟ್ಯಾಂಡು ಉಳಿದು ಪೈಪು ಹೋದರೆ ಯಾರಿಗೆ ಲಾಭ?

ಮಳೆ, ಮಂಜು, ಮುಗ್ಗಲು

ಏಪ್ರಿಲ್, ಮೇ ತಿಂಗಳಲ್ಲಿ ಬೆಂಗಳೂರು, ಮೈಸೂರು ಕಡೆ ಮಳೆ ಬರುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಅಶ್ವಿನಿ, ಭರಣಿ ಮಳೆಗಳ ಸಿಡಿಲಿಗೆ ಮೊದಲು, ಮೂರು ಗಂಟೆಯೊಳಗೆ ಬಟ್ಟೆ ಒಳಗಿರಲಿ. ಚಳಿಗಾಲದಲ್ಲಿ ಸಂಜೆ ಐದರೊಳಗೆ. ಒಣಗಿದ ಹತ್ತಿಬಟ್ಟೆ ಸೂರ್ಯ ಇಳಿದ ಮೇಲೆ ಇಬ್ಬನಿ ಹೀರಿ ಮತ್ತೆ ತಣ್ಣಗಾಗುತ್ತದೆ.

ಕರಾವಳಿ, ಮಲೆನಾಡಿನವರ ಮಾತೇ ಬೇರೆ. ಜುಲೈಯಲ್ಲಿ ಗಾಳಿಯೇ ನೀರು ಕುಡಿದು ತೂಗುತ್ತಿರುವಾಗ ಬಟ್ಟೆಯ ನೀರು ಎಲ್ಲಿಗೆ ಹೋಗಬೇಕು? ನಮ್ಮೂರಲ್ಲಿ ಬಚ್ಚಲ ಒಲೆಯ ಮೇಲೆ ಕಟ್ಟಿದ ತಂತಿಯೇ ಮಳೆಗಾಲದ ಸ್ಟ್ಯಾಂಡು. ಬಟ್ಟೆ ಒಣಗುತ್ತಿತ್ತು, ಹೊಗೆಯ ವಾಸನೆಯೂ ಹತ್ತುತ್ತಿತ್ತು. ಈಗ ಅಡಿಕೆ ಒಣಗಿಸಲು ಪ್ಲಾಸ್ಟಿಕ್ ಹೊದಿಕೆಯ ಗೂಡು ಮಾಡಿಕೊಂಡವರು ಮಳೆಗಾಲದಲ್ಲಿ ಅದರೊಳಗೆ ಬಟ್ಟೆ ಸ್ಟ್ಯಾಂಡನ್ನೂ ನಿಲ್ಲಿಸುತ್ತಾರೆ. ಜಾಣತನದ ಕೆಲಸ. ಆದರೆ ಎರಡೂ ತುದಿ ತೆರೆದಿರಬೇಕು, ಇಲ್ಲದಿದ್ದರೆ ಆವಿ ಹೊದಿಕೆಗೆ ಕುಳಿತು ಬಟ್ಟೆಯ ಮೇಲೇ ತೊಟ್ಟಿಕ್ಕುತ್ತದೆ. ಬಾಲ್ಕನಿಯಲ್ಲಿ ಸ್ಟ್ಯಾಂಡಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಕುವವರಿಗೂ ಇದೇ ಮಾತು. ಬಟ್ಟೆಯ ಮೇಲೆ ಮುಚ್ಚಬೇಡಿ, ಒಂದು ಮೊಳ ಮೇಲೆ ಸೂರಿನಂತೆ ಕಟ್ಟಿ.

ಮನೆಯೊಳಗೆ ಒಣಗಿಸಲೇಬೇಕಾದರೆ ಸಂದು ದುಪ್ಪಟ್ಟು ಮಾಡಿ, ಒಂದು ಸರದಿಯ ಅರ್ಧ ಬಟ್ಟೆಯನ್ನಷ್ಟೇ ಹರವಿ, ಕಿಟಕಿ ಒಂದಾದರೂ ತೆರೆದಿಟ್ಟು ಫ್ಯಾನು ಹಾಕಿ. 75 ವಾಟಿನ ಫ್ಯಾನು ಎಂಟು ಗಂಟೆ ತಿರುಗಿದರೂ 0.6 ಯೂನಿಟ್. ಕಿಟಕಿ ಮುಚ್ಚಿದರೆ ಲೀಟರುಗಟ್ಟಲೆ ನೀರು ಗೋಡೆಗೆ ಹೋಗಿ ಬೂಷ್ಟು ಬರುತ್ತದೆ. ಒಣಗಿದ ಮೇಲೂ ವಾಸನೆ ಬರುವ ಬಟ್ಟೆಯಲ್ಲಿ ಸಾಮಾನ್ಯವಾಗಿ ಇರುವುದು ಮೊರಾಕ್ಸೆಲ್ಲಾ ಎಂಬ ಬ್ಯಾಕ್ಟೀರಿಯಾ. ಅದು ಒಣಗಿದರೂ ಸಾಯದೆ, ಮತ್ತೆ ತೇವ ಸಿಕ್ಕಾಗ ಎದ್ದು ಕೂರುತ್ತದೆ. ಸುಗಂಧದ ಕಂಡಿಷನರ್ ಸುರಿದು ಪ್ರಯೋಜನವಿಲ್ಲ. ಬಟ್ಟೆ ಬಿಸಿ ತಡೆಯುವುದಾದರೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆದು, ಆ ದಿನವೇ ಒಣಗುವಂತೆ ನೋಡಿಕೊಳ್ಳಿ.

ದುರಸ್ತಿ

ಮಡಚುವ ಸ್ಟ್ಯಾಂಡು ಸಾಯುವುದು ಕಂಬಿಯಿಂದಲ್ಲ, ರಿವೆಟ್ಟಿನಿಂದ. ಕತ್ತರಿಕಾಲು ಕೂಡುವಲ್ಲಿ ಬಡಿದಿರುವ ರಿವೆಟ್ಟು ಸವೆದು ತೂತು ದೊಡ್ಡದಾಗುತ್ತದೆ. ಹೀಗಾದಾಗ ಎಸೆಯಬೇಡಿ. ರಿವೆಟ್ಟಿನ ತಲೆಯನ್ನು ಡ್ರಿಲ್ಲಿನಿಂದ ಕೊರೆದು ಹಾಕಿ, ತೂತಿಗೆ ಸರಿಹೊಂದುವ 6 ಮಿಲಿಮೀಟರ್ ಸ್ಟೀಲ್ ಬೋಲ್ಟ್ ತೂರಿಸಿ. ಎರಡು ಪೈಪುಗಳ ನಡುವೆ ಒಂದು ಪ್ಲಾಸ್ಟಿಕ್ ವಾಷರ್, ಹೊರಗೆ ಎರಡು ಸ್ಟೀಲ್ ವಾಷರ್, ಕೊನೆಗೆ ಒಳಗೆ ನೈಲಾನ್ ಬಳೆ ಇರುವ ನಟ್ಟು. ಹಾರ್ಡ್‌ವೇರ್ ಅಂಗಡಿಯಲ್ಲಿ ನೈಲಾಕ್ ನಟ್ಟು ಅಂತ ಕೇಳಿ. ಅದು ಅಲ್ಲಾಟಕ್ಕೆ ಸಡಿಲವಾಗುವುದಿಲ್ಲ. ಪೂರ್ತಿ ಬಿಗಿದು ಕಾಲು ಸುತ್ತು ಹಿಂದಕ್ಕೆ ತಿರುಗಿಸಿ, ಮಡಚಲು ಸಡಿಲ ಇರಬೇಕಲ್ಲ. ಕೀಲಿಗೆ ಹೊಲಿಗೆ ಮಷೀನಿನ ಎಣ್ಣೆ ಒಂದೇ ಹನಿ, ಹೆಚ್ಚಾದದ್ದನ್ನು ಒರೆಸಿಬಿಡಿ. ಕೊಬ್ಬರಿ ಎಣ್ಣೆ ಹಾಕಿ ನೋಡಿದವಳು ನಾನು, ಚಳಿಗೆ ಗಟ್ಟಿಯಾಗಿ ಧೂಳು ಹಿಡಿದು ಕೀಲು ಮೊದಲಿಗಿಂತ ಬಿಗಿಯಾಯಿತು.

ಪೈಪಿನ ಬುಷ್ಷು ಕಳೆದಿದ್ದರೆ ಇವತ್ತೇ ಹಾಕಿಸಿ, ನೀರು ಒಳಗಿಳಿಯಲು ಬಿಡಬೇಡಿ. ಲೇಪನ ಎದ್ದ ಕಡೆ ಉಜ್ಜುಕಾಗದದಿಂದ ತಿಕ್ಕಿ, ಮೊದಲು ಕೆಂಪು ಆಕ್ಸೈಡ್, ಒಣಗಿದ ಮೇಲೆ ಎನಾಮೆಲ್ ಪೇಂಟ್ ಬಳಿಯಿರಿ. ಎರಡು ದಿನ ಬಟ್ಟೆ ಹಾಕಬೇಡಿ. ಕಾಲಿನ ಪೈಪೇ ಬಗ್ಗಿ ಸೀಳಿದ್ದರೆ ಮಾತ್ರ ದುರಸ್ತಿಗೆ ಸುರಿಯುವ ದುಡ್ಡು ದಂಡ, ಗುಜರಿಗೆ ಕೊಡಿ. ಕೊಡುವ ಮೊದಲು ಕಂಬಿಗಳನ್ನು ಬಿಚ್ಚಿಟ್ಟುಕೊಳ್ಳಿ. ತುಳಸಿ ಕುಂಡ ಒಡೆದ ನನ್ನ ಆ ಸ್ಟ್ಯಾಂಡಿನ 26 ಕಂಬಿಗಳಲ್ಲಿ ಹನ್ನೊಂದರ ಮೇಲೆ ಈಗ ತೊಂಡೆ ಬಳ್ಳಿ ಹಬ್ಬಿದೆ, ಕಾಯಿ ಬಿಟ್ಟಾಗಲೆಲ್ಲ ಕೆಳಮನೆಗೂ ಒಂದು ಹಿಡಿ ಹೋಗುತ್ತದೆ.